ಗ್ಯಾಲರಿಯ ಅದೃಷ್ಟವಂತೆ

ಗಂಜಿಯ ವಾಸನೆ. ವಿಧಾನಸಭೆಯ ಗ್ಯಾಲರಿಯಲ್ಲಿ ಕಾವಲಿನ ಹೆಂಗಸು ಬಗ್ಗಿ ಕೈಚೀಲ ತೆಗೆದುಕೊಂಡಾಗ ಅವಳ ಬಿಳಿ ಸಮವಸ್ತ್ರದಿಂದ ಅದು ಬಂತು. ಬಂದ ಕೂಡಲೇ ಗುಬ್ಬಿಗೆ ತಾನು ಏಳೆಂಟು ವರ್ಷದ ಹುಡುಗಿಯಾಗಿ ಗಿರಣಿಯ ಹಿಂಬಾಗಿಲಲ್ಲಿ ಅಮ್ಮನಿಗಾಗಿ ಕಾಯುತ್ತಿದ್ದುದು ನೆನಪಾಯಿತು. ಅಮ್ಮನಿಗೆ ನೂಲಿಗೆ ಗಂಜಿ ಹಾಕುವ ಕೋಣೆಯಲ್ಲಿ ಕೆಲಸ. ಹಬೆಯಲ್ಲಿ ಬೆಂದು ಹೊರಬರುತ್ತಿದ್ದ ಅವಳ ಕುತ್ತಿಗೆ, ತೋಳು, ಕೂದಲು ಎಲ್ಲಕ್ಕೂ ಅದೇ ವಾಸನೆ. ಅವಳನ್ನು ಅಪ್ಪಿಕೊಂಡರೆ ಹಸಿವಾಗುತ್ತಿತ್ತು.

"ಎದ್ದು ನಿಲ್ಲೋ ಹಾಗಿಲ್ಲ, ಮಾತಾಡೋ ಹಾಗಿಲ್ಲ, ಚಪ್ಪಾಳೆ ತಟ್ಟೋ ಹಾಗಿಲ್ಲ," ಎಂದಳು ಕಾವಲಿನವಳು. ದಿನವೂ ಹೇಳುವ ಮಾತಾದರೂ ದನಿಯಲ್ಲಿ ಗದರಿಕೆ ಇರಲಿಲ್ಲ. "ಕೆಮ್ಮು ಬಂದ್ರೆ ಕೆಮ್ಮಿ. ಅದಕ್ಕೇನೂ ಅಡ್ಡಿ ಇಲ್ಲ."

"ಇವಳು ಎದ್ದು ನಿಲ್ತಾಳೆ," ಎಂದರು ಪಕ್ಕದಲ್ಲಿ ಕೂತಿದ್ದ ಗಿರಣಿಯ ಮ್ಯಾನೇಜರ್. "ಮಂತ್ರಿಗಳೇ ಕರೀತಾರೆ. ಎಲ್ಲ ಮಾತಾಗಿದೆ."

"ಕರೆದಾಗ ನೋಡೋಣ ಸಾರ್," ಎಂದು ಅವಳು ತನ್ನ ಜಾಗಕ್ಕೆ ಹೋಗಿ ನಿಂತಳು.

ಮ್ಯಾನೇಜರ್ ಗುಬ್ಬಿಯ ಕಡೆಗೆ ವಾಲಿದರು. "ಏಳೋದು, ತಲೆ ಬಾಗಿಸೋದು, ಕೂರೋದು. ಮೂರೇ ಕೆಲಸ. ನಾಲ್ಕನೇದು ಬೇಡ. ನಿನ್ನ ಗಂಡನೂ ನಮ್ಮಲ್ಲೇ ಇದಾನೆ, ಮನೆನೂ ನಮ್ಮದೇ ಕೊಟ್ಟಿದೀವಿ. ನೆನಪಿರಲಿ."

ಗುಬ್ಬಿ ತಲೆಯಾಡಿಸಿದಳು. ಮೈಕಟ್ಟು ಪುಟ್ಟದು, ನಡಿಗೆ ಚುರುಕು ಎಂದು ಗಿರಣಿಯವರು ಇಟ್ಟ ಹೆಸರು ಅದು. ಈಗ ನಲವತ್ತರ ಅಂಚಿನಲ್ಲಿದ್ದರೂ ಹೆಸರು ಬದಲಾಗಿರಲಿಲ್ಲ.

ಮಗ್ಗದ ಹಾಲ್‌ನ ಚಾವಣಿ ಕುಸಿದು ತಿಂಗಳಾಗಿತ್ತು. ಒಳಗೆ ಇಬ್ಬರು ಸತ್ತರು. ಕೊನೆಗೆ ಹೊರಬಂದವಳು ಗುಬ್ಬಿ. ಅವಳ ಬೆನ್ನ ಹಿಂದೆಯೇ ಚಾವಣಿ ಬಿತ್ತು. ಸುಣ್ಣದ ಪುಡಿ ಮೆತ್ತಿಕೊಂಡು ಅಂಗಳದಲ್ಲಿ ನಿಂತಿದ್ದ ಅವಳ ಚಿತ್ರ ಪತ್ರಿಕೆಯಲ್ಲಿ ಬಂತು. ಕೆಳಗೆ 'ಅದೃಷ್ಟವಂತೆ' ಎಂದು ಬರೆದಿದ್ದರು. ಮಂತ್ರಿಗಳು ಆ ಚಿತ್ರ ನೋಡಿಯೇ ಅವಳನ್ನು ಕರೆಸಿದ್ದು.

ಆ ಹಾಲ್‌ನಲ್ಲಿ ಮಗ್ಗಗಳು ಓಡುವಾಗ ಕಿವಿಗೇ ಬಾಯಿಟ್ಟು ಕೂಗಿದರೂ ಕೇಳಿಸುತ್ತಿರಲಿಲ್ಲ. ಅಲ್ಲಿಯ ಹೆಂಗಸರು ದನಿಯ ಗೊಡವೆಯನ್ನೇ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಿದ್ದರು. ಈ ತುದಿಯವಳು ತುಟಿ ಆಡಿಸಿದರೆ ಆ ತುದಿಯವಳು ನೋಡಿ ಉತ್ತರ ಕೊಡುತ್ತಿದ್ದಳು. ಅತ್ತೆಯ ಮೇಲಿನ ದೂರು, ಮಗಳಿಗೆ ನೋಡಿದ ಗಂಡಿನ ವಿಷಯ, ಎಲ್ಲ ಹಾಗೆಯೇ ನಡೆಯುತ್ತಿತ್ತು. ಸೂಪರ್‌ವೈಸರನ ಬೊಜ್ಜಿನ ಮೇಲೆ ಜೋಕು ಮಾಡುವಾಗ ಮಾತ್ರ ಗೋಡೆಯ ಕಡೆಗೆ ಮುಖ ತಿರುಗಿಸಬೇಕಿತ್ತು. ಅವನೂ ಚಿಕ್ಕಂದಿನಿಂದ ಅಲ್ಲೇ ಬೆಳೆದವನು, ಒಂದು ಮಾತೂ ತಪ್ಪುತ್ತಿರಲಿಲ್ಲ.

ಚಾವಣಿಯ ತೊಲೆಯಿಂದ ನೂಲಿನ ಮೇಲೆ ಪುಡಿ ಉದುರುತ್ತಿದೆ ಎಂದು ಮೊದಲು ಕಂಡವಳು ದೊಡ್ಡಕ್ಕ. ಹಾಲ್‌ನಲ್ಲಿ ಎಲ್ಲರಿಗಿಂತ ಹಿರಿಯ ನೇಕಾರ್ತಿ. ಬೇರೆ ವಿಭಾಗಗಳ ವಯಸ್ಸಾದವರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಸೂಪರ್‌ವೈಸರನಿಗೆ ಹೇಳಿದಳು, ಮ್ಯಾನೇಜರಿಗೆ ಹೇಳಿದಳು. ದೊಡ್ಡ ಆರ್ಡರ್ ಹೋಗಲಿ, ಆಮೇಲೆ ನೋಡೋಣ ಎಂದರು. ಆ ದಿನ ಬೆಳಿಗ್ಗೆ ಉದುರಿದ್ದು ಪುಡಿಯಲ್ಲ, ಅಂಗೈ ಅಗಲದ ಗಾರೆ. ಸೂಪರ್‌ವೈಸರ್ ಇಲ್ಲದ ಹೊತ್ತು ನೋಡಿ ದೊಡ್ಡಕ್ಕ ಮಗ್ಗಗಳ ನಡುವೆ ನಿಂತು ತುಟಿಯಲ್ಲಿ ಹೇಳಿದಳು: ಮಗ್ಗ ನಿಲ್ಲಿಸಬೇಡಿ, ಹಾಗೇ ಹೊರಗೆ ನಡೀರಿ. ಸದ್ದು ನಿಂತರೆ ಆಫೀಸಿನವರು ಓಡಿಬಂದು ಮತ್ತೆ ಒಳಗೆ ಅಟ್ಟುತ್ತಾರೆಂದು ಅವಳಿಗೆ ಗೊತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ಮೂಲೆಯ ಮಗ್ಗದಲ್ಲಿ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ ಉಳಿದುಬಿಟ್ಟಳು. ಅವಳಿಗಿನ್ನೂ ತುಟಿಯ ಮಾತು ಬರುತ್ತಿರಲಿಲ್ಲ. ಅಂಗಳದಲ್ಲಿ ಅವಳು ಕಾಣದಿದ್ದಾಗ ದೊಡ್ಡಕ್ಕ ತಿರುಗಿ ಹೋದಳು. ಬಾಗಿಲಲ್ಲಿ ಎದುರಾದ ಗುಬ್ಬಿಯ ಭುಜ ಹಿಡಿದು ಹೊರಗೆ ದೂಡಿ ಒಳಗೆ ಹೋದಳು.

ಗಿರಣಿಯವರು ಹೇಳಿದ್ದು ಬೇರೆ. ಅದು ಚಹಾದ ಹೊತ್ತು, ಎಲ್ಲರೂ ಹೊರಗಿದ್ದರು, ಆ ಇಬ್ಬರು ನಿಯಮ ಮುರಿದು ಒಳಗೇ ಉಳಿದರು. ಚಹಾದ ಹೊತ್ತು ಎಂದುಬಿಟ್ಟರೆ ಯಾರಿಗೂ ಏನೂ ಮೊದಲೇ ಗೊತ್ತಿರಲಿಲ್ಲ ಎಂದಾಗುತ್ತದೆ. ದೊಡ್ಡಕ್ಕ ಹೊರಗೆ ಕಳಿಸಿದಳು ಎಂದರೆ ಅವಳಿಗೆ ಗೊತ್ತಿತ್ತು ಎಂದಾಯಿತು. ಅವಳಿಗೆ ಗೊತ್ತಿದ್ದರೆ ಅವಳು ಯಾರಿಗೆ ಹೇಳಿದ್ದಳೋ ಅವರಿಗೂ ಗೊತ್ತಿತ್ತು.

ಇವತ್ತು ಬೆಳಿಗ್ಗೆ ಇಲ್ಲಿಗೆ ಬರಲು ಗುಬ್ಬಿ ಗಿರಣಿಯ ವ್ಯಾನ್ ಹತ್ತುವಾಗ ದೊಡ್ಡಕ್ಕನ ತಾಯಿ ತಿರುವಿನವರೆಗೂ ಬಂದಿದ್ದಳು. ಅದೇ ಹಾಲ್‌ನಲ್ಲಿ ದುಡಿದು ದುಡಿದು ಕಿವಿ ಕಳೆದುಕೊಂಡ ಮುದುಕಿ. ತನ್ನ ದನಿ ಎಷ್ಟು ಜೋರೆಂದು ತಿಳಿಯದ್ದರಿಂದ ಪಿಸುಗುಟ್ಟುವಂತೆ ಮಾತಾಡುತ್ತಿದ್ದಳು. "ಅಲ್ಲಿ ದೊಡ್ಡೋರೆಲ್ಲ ಇರ್ತಾರೆ. ನನ್ ಮಗಳು ನಿಯಮ ಮುರಿದು ಸತ್ತೋಳಲ್ಲ ಅಂತ ಒಂದ್ ಮಾತು ಹೇಳಿ ಬಾ ಮಗಾ. ಇನ್ನೇನೂ ಬೇಡ." ಗುಬ್ಬಿ ಹೂಂ ಎಂದಿದ್ದಳು. ಅಂದದ್ದೇನೋ ಅಂದಿದ್ದಳು.

ಕೆಳಗೆ ಸದನದಲ್ಲಿ ಕಾರ್ಮಿಕ ಮಂತ್ರಿಗಳು ಎದ್ದರು. ಸಾವಿನ ಮನೆಗಳಿಗೆ ಹೋಗಿ ಬಂದು ರೂಢಿಯಾದವರ ಮೆತ್ತನೆಯ ದನಿ.

"ಮಾನ್ಯ ಸಭಾಧ್ಯಕ್ಷರೇ, ಎರಡು ಜೀವ ಹೋಯಿತು. ನನಗೂ ಹೆಣ್ಣುಮಕ್ಕಳಿದ್ದಾರೆ, ನನಗೂ ಸಂಕಟವಿದೆ. ಆದರೆ ಅದೃಷ್ಟ ನೋಡಿ. ಅಷ್ಟೂ ಜನ ಒಳಗಿರಬೇಕಾದ ಹಾಲ್ ಅದು. ಸರಿಯಾಗಿ ಚಹಾದ ಹೊತ್ತಿಗೆ ಬಿತ್ತು. ಸ್ವಲ್ಪ ಹಿಂದೆ ಮುಂದೆ ಆಗಿದ್ದರೆ ಏನು ಗತಿ? ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು ಎಂದು ಹಿರಿಯರು ಇಂಥದ್ದಕ್ಕೇ ಹೇಳಿದ್ದು."

ಕೆಲವರು ಹೌದು ಹೌದು ಎಂದರು. ತಲೆಪಾಗು ಎಂದರೆ ಯಾರು ಎಂದು ಗುಬ್ಬಿ ಯೋಚಿಸಿದಳು. ಮೂಲೆಯ ಮಗ್ಗದ ಹುಡುಗಿ ಎರಡು ಜಡೆ ಹಾಕುತ್ತಿದ್ದಳು.

"ನೀವು ಮಂತ್ರಿಯಾದದ್ದೇ ಈ ನಾಡಿನ ದುರದೃಷ್ಟ," ಎಂದು ವಿರೋಧ ಪಕ್ಷದಿಂದ ಒಬ್ಬರು ಕೂಗಿದರು.

"ತಾವು ಸೋತು ಆ ಕಡೆ ಕೂತದ್ದು ನಾಡಿನ ಅದೃಷ್ಟ. ಅಲ್ಲಿಗಲ್ಲಿಗೆ ಸರಿಹೋಯಿತು," ಎಂದರು ಮಂತ್ರಿಗಳು. ಎರಡೂ ಕಡೆ ನಗು.

ತೀರಾ ವಯಸ್ಸಾದ ಸದಸ್ಯರೊಬ್ಬರು ಮೇಜು ಹಿಡಿದು ಎದ್ದರು. "ನಾನೂ ಒಂದು ಸಲ ಬಸ್ ತಪ್ಪಿಸಿಕೊಂಡೆ. ಆ ಬಸ್ಸು ಹೊಳೆಗೆ ಬಿತ್ತು. ಅವತ್ತಿನಿಂದ ನಾನು ಗಡಿಯಾರ ಕಟ್ಟುವುದನ್ನೇ ಬಿಟ್ಟೆ."

"ಅದಕ್ಕೇ ಸದನಕ್ಕೂ ಊಟದ ಹೊತ್ತಿಗೇ ಬರುತ್ತೀರಿ," ಎಂದಿತು ಹಿಂದಿನ ಸಾಲು. ಸಭಾಧ್ಯಕ್ಷರೂ ನಕ್ಕರು.

ಒಬ್ಬ ಸದಸ್ಯೆ ಮಾತ್ರ ನಗಲಿಲ್ಲ. "ಚಾವಣಿ ಯಾಕೆ ಬಿತ್ತು, ಅದನ್ನು ಹೇಳಿ," ಎಂದು ಎರಡು ಸಲ ಕೇಳಿದರು.

"ಹಳೆಯ ಕಟ್ಟಡ. ಬೀಳುವ ಗಳಿಗೆ ಬಂದಿತ್ತು, ಬಿತ್ತು," ಎಂದ ಮಂತ್ರಿಗಳು ಆಕೆಯ ಕಡೆ ನೋಡದೆ ಮುಂದುವರಿಸಿದರು. "ಮಾನ್ಯ ಸದಸ್ಯರು ಅದೃಷ್ಟವನ್ನು ನಂಬದಿದ್ದರೆ ತಲೆಯೆತ್ತಿ ಗ್ಯಾಲರಿ ನೋಡಲಿ. ಆ ಅದೃಷ್ಟವಂತೆ ಅಲ್ಲೇ ಕೂತಿದ್ದಾಳೆ."

ಗ್ಯಾಲರಿಯಲ್ಲಿ ಇದ್ದವರನ್ನು ಸದನದಲ್ಲಿ ಹೆಸರಿಸುವಂತಿಲ್ಲ ಎಂದು ಯಾರೋ ಆಕ್ಷೇಪಿಸಿದರು. ಹೆಸರೆಲ್ಲಿ ಹೇಳಿದೆ ಎಂದರು ಮಂತ್ರಿಗಳು. ಸ್ವಲ್ಪ ಹೊತ್ತು ಆ ಜಗಳ ನಡೆಯಿತು. ಕೊನೆಗೆ ಸಭಾಧ್ಯಕ್ಷರು, "ಆಯಿತು, ವಿಶೇಷ ಸಂದರ್ಭ. ಆ ತಾಯಿ ಒಂದು ಕ್ಷಣ ಎದ್ದು ನಿಲ್ಲಲಿ. ಮಾತು ಬೇಡ," ಎಂದರು.

ಮ್ಯಾನೇಜರ್ ಮೊಣಕೈಯಿಂದ ತಿವಿದರು. ಗುಬ್ಬಿ ಎದ್ದಳು. ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಎದುರಿನ ಕಂಬದ ಮೇಲಿದ್ದ ಕ್ಯಾಮೆರಾ ಮೆಲ್ಲಗೆ ಅವಳತ್ತ ತಿರುಗಿತು.

ಆಗ ಮೇಜು ಬಡಿಯುವುದು ಶುರುವಾಯಿತು. ಅಷ್ಟು ಹೊತ್ತು ಕಚ್ಚಾಡಿದವರು ಅವಳ ವಿಷಯದಲ್ಲಿ ಒಂದಾಗಿ, ಅಂಗೈಯಿಂದ ದಡಬಡ ಬಡಿದರು. ಮರದ ಸದ್ದು ಎತ್ತರದ ಚಾವಣಿಗೆ ತಾಗಿ ತಿರುಗಿ ಬಂದು, ನೆಲದಿಂದ ಪಾದಕ್ಕೆ ಏರಿತು. ಬೆಳಗಿನ ಪಾಳಿಯಲ್ಲಿ ಮಗ್ಗಗಳು ಒಂದೊಂದಾಗಿ ಎದ್ದು ಹಾಲ್ ತುಂಬುವಾಗ ಹೀಗೆಯೇ. ಗುಬ್ಬಿ ಕಂಬಿಯಿಂದ ಕೈ ತೆಗೆದಳು. ಇಪ್ಪತ್ತು ವರ್ಷ ಅವಳು ಬದುಕಿದ್ದು ಇಂಥದೇ ಸದ್ದಿನೊಳಗೆ. ಅವಳು ಹೇಳಿದಳು.

"ಅದೃಷ್ಟ ಅಲ್ಲ ಸ್ವಾಮಿ. ಚಹಾದ ಹೊತ್ತೂ ಅಲ್ಲ. ಚಾವಣಿ ಬೀಳುತ್ತೆ ಅಂತ ದೊಡ್ಡಕ್ಕ ಹೇಳ್ತಾನೇ ಇದ್ಲು, ಇವರು ಕೇಳಲಿಲ್ಲ. ಅವಳೇ ನಮ್ಮನ್ನ ಹೊರಗೆ ಕಳಿಸಿದ್ಲು. ಆ ಮಗೂನ ಕರ್ಕೊಂಡು ಬರೋಕೆ ಒಳಗೆ ಹೋದ್ಲು. ಅವಳು ನಿಯಮ ಮುರಿದು ಸತ್ತೋಳಲ್ಲ."

ಮಾತು ಮುಗಿಯುವ ಹೊತ್ತಿಗೆ ಸದ್ದೂ ನಿಂತಿತು. ಮಂತ್ರಿಗಳು ಮೇಲೆ ನೋಡಿ ನಗುತ್ತಿದ್ದರು. ಸಭಾಧ್ಯಕ್ಷರು, "ಬಹಳ ಸಂತೋಷ. ಮುಂದಿನ ವಿಷಯ," ಎಂದರು.

"ಭೇಷ್," ಎಂದರು ಮ್ಯಾನೇಜರ್. "ಸಾಕು, ಕೂತ್ಕೋ."

ಯಾರೂ ಬೈಯಲಿಲ್ಲ, ಯಾರೂ ಹಿಡಿದು ಎಳೆಯಲಿಲ್ಲ. ಗುಬ್ಬಿಗೆ ಅರ್ಥವಾಗಲಿಲ್ಲ. ಹೊರಗಿನ ಮೊಗಸಾಲೆಯಲ್ಲಿ ಕೈಚೀಲ ವಾಪಸು ಕೊಡುತ್ತ ಕಾವಲಿನವಳು ಒಂದು ಲೋಟ ನೀರನ್ನೂ ತಂದುಕೊಟ್ಟಳು.

"ಅಷ್ಟು ಹೇಳಿದ್ರೂ ಅವರು ಏನೂ ಅನ್ನಲಿಲ್ಲ," ಎಂದಳು ಗುಬ್ಬಿ.

"ಏನು ಹೇಳಿದ್ರಿ ಅಕ್ಕ?"

"ಕೇಳಿಸಲಿಲ್ವಾ? ನೀವು ಪಕ್ಕದಲ್ಲೇ ನಿಂತಿದ್ರಲ್ಲ."

ಕಾವಲಿನವಳು ಅವಳ ಮುಖ ನೋಡಿದಳು. "ತುಟಿ ಆಡ್ತಿತ್ತು ಅಕ್ಕ. ದನಿ ಬರಲಿಲ್ಲ. ಒಳಗೊಳಗೇ ದೇವರನ್ನ ನೆನೀತಿದೀರಿ ಅಂದ್ಕೊಂಡೆ."

ಗುಬ್ಬಿಯ ಕೈ ತಾನಾಗಿ ಗಂಟಲಿಗೆ ಹೋಯಿತು. ಗದ್ದಲವೆದ್ದರೆ ದನಿ ದಂಡ ಎಂದು ಇಪ್ಪತ್ತು ವರ್ಷ ಕಲಿತ ಬಾಯಿ, ಇಲ್ಲೂ ತನಗೆ ಗೊತ್ತಿದ್ದಂತೆಯೇ ಮಾತಾಡಿತ್ತು.

"ಇನ್ನೊಂದ್ ಸಲ ಒಳಗೆ ಬಿಡ್ತೀರಾ? ಒಂದೇ ಮಾತು. ಹೇಳಿ ಬಂದ್ಬಿಡ್ತೀನಿ."

"ಬಿಟ್ರೆ ನನ್ನ ಕೆಲಸ ಹೋಗುತ್ತೆ." ಕಾವಲಿನವಳು ಅವಳ ಕೈಯಿಂದ ಲೋಟ ಈಸಿಕೊಂಡಳು. "ನೀವು ಕೇಳಿದ್ದು ತಪ್ಪಲ್ಲ ಅಕ್ಕ. ನನ್ನ ಕೈಲಾಗಲ್ಲ, ಅಷ್ಟೆ."

ಗುಬ್ಬಿ ಅಳತೊಡಗಿದಳು. ಆಚೆ ಮ್ಯಾನೇಜರ್ ಯಾರದೋ ಕೈ ಕುಲುಕುತ್ತ ನಿಂತಿದ್ದರು. ಕಾವಲಿನವಳು ಅವರಿಗೆ ಬೆನ್ನು ಮಾಡಿ ಅಡ್ಡ ನಿಂತಳು. ಗುಬ್ಬಿ ಮುಖ ಒರೆಸಿಕೊಳ್ಳುವವರೆಗೂ ಕದಲಲಿಲ್ಲ.

ವ್ಯಾನಿನಲ್ಲಿ ಮ್ಯಾನೇಜರ್ ಖುಷಿಯಲ್ಲಿದ್ದರು. "ಟಿವಿಯೋರು ಎಷ್ಟು ಹೊತ್ತು ನಿನ್ನ ಮುಖಾನೇ ತೋರಿಸಿದ್ರಂತೆ. ಏನು ಅದೃಷ್ಟನಮ್ಮ ನಿಂದು."

ಗುಬ್ಬಿ ಕಿಟಕಿಯಾಚೆ ನೋಡುತ್ತಿದ್ದಳು. ಗಿರಣಿ ಮನೆಗಳವರೆಲ್ಲ ಒಂದೇ ಟಿವಿಯ ಮುಂದೆ ಸೇರಿರುತ್ತಾರೆ. ಮುದುಕಿಯನ್ನು ಎಲ್ಲರಿಗಿಂತ ಮುಂದೆ ಕೂರಿಸಿರುತ್ತಾರೆ. ಮಗಳ ಸಾವಿಗೆ ಮೇಜು ಬಡಿದದ್ದನ್ನು, ಅದಕ್ಕೆ ಗುಬ್ಬಿ ಎದ್ದು ನಿಂತದ್ದನ್ನು ಅವಳು ಕಣ್ಣಾರೆ ಕಂಡಿರುತ್ತಾಳೆ.

ದಾರಿಯಲ್ಲಿ ಮ್ಯಾನೇಜರಿಗೆ ಫೋನ್ ಬಂತು. ಅವರು ಹಲೋ ಎಂದದ್ದು ಬಿಟ್ಟರೆ ಬರೀ ಕೇಳಿಸಿಕೊಂಡರು. ಆಮೇಲೆ ತಿರುಗಿ ಅವಳ ಬಾಯಿಯನ್ನೇ ನೋಡಿದರು. ಮುಖ್ಯ ರಸ್ತೆಯಲ್ಲೇ ವ್ಯಾನ್ ನಿಲ್ಲಿಸಿ, "ಇಲ್ಲೇ ಇಳಿ," ಎಂದರು.

ಅವಳು ನಡೆದು ಮನೆ ಸೇರುವಾಗ ಹೊತ್ತು ಮುಳುಗುತ್ತಿತ್ತು. ಬಾಗಿಲುಗಳೆಲ್ಲ ಮುಚ್ಚಿದ್ದವು. ಗಂಡ ಮೆಟ್ಟಿಲ ಮೇಲೆ ಕೂತಿದ್ದ. ಬಣ್ಣದ ವಿಭಾಗದವನಾದ್ದರಿಂದ ಉಗುರುಗಳು ನೀಲಿ. ಬೂಟನ್ನೂ ಬಿಚ್ಚಿರಲಿಲ್ಲ.

"ಸೂಪರ್‌ವೈಸರ್ ಬಂದು ಹೋದ," ಎಂದ. "ನಾಳೆಯಿಂದ ನಾವಿಬ್ಬರೂ ಗೇಟಿನ ಹತ್ರ ಸುಳೀಬಾರದಂತೆ. ಮನೆನೂ ಬಿಡಬೇಕಂತೆ."

"ಯಾಕೆ? ನಾನು ಹೇಳಿದ್ದು ಯಾರಿಗೂ ಕೇಳಿಸಲೇ ಇಲ್ಲ. ದನಿನೇ ಬರಲಿಲ್ಲ ನಂಗೆ."

"ಅವನಿಗೆ ದನಿ ಯಾಕೆ ಬೇಕು? ಹಾಲ್‌ನಲ್ಲೇ ಬೆಳೆದೋನು. ಟಿವಿಯಲ್ಲಿ ನಿನ್ನ ಮುಖ ಪರಾತದಷ್ಟು ದೊಡ್ಡದಾಗಿ ಬಂತು. ಒಂದಕ್ಷರ ಬಿಡದೆ ಮಾಲೀಕರಿಗೆ ಒಪ್ಪಿಸಿದಾನೆ."

ಗುಬ್ಬಿ ಅವನ ಪಕ್ಕದಲ್ಲಿ ಕೂತಳು. ಕೈಚೀಲ ಮಡಿಲಲ್ಲೇ ಇತ್ತು.

"ಅವನ ಬೊಜ್ಜಿನ ವಿಷಯ ಏನೂ ಹೇಳಲಿಲ್ಲ ತಾನೆ?" ಎಂದ ಅವನು. ನಗಲು ನೋಡಿದ. ಆಗಲಿಲ್ಲ. ಅಂಗೈಯಿಂದ ಮುಖ ಉಜ್ಜಿಕೊಂಡ.

ಎದುರು ಮನೆಯ ಕಿಟಕಿಯಲ್ಲಿ ಒಂದು ಮುಖ ಕಂಡು ಸರಿಯಿತು. ಅವತ್ತು ಹಾಲ್‌ನಿಂದ ಹೊರಬಂದವರಲ್ಲಿ ಒಬ್ಬಳು. ಯಾರ ಮನೆಯ ಬಾಗಿಲೂ ತೆರೆಯಲಿಲ್ಲ. ಅವರಿಗೂ ನಾಳೆ ಬೆಳಿಗ್ಗೆ ಗೇಟಿನಲ್ಲಿ ನಿಲ್ಲಬೇಕಿತ್ತು.

ಓಣಿಯ ಕೊನೆಯಲ್ಲಿ ಒಂದು ಬಾಗಿಲು ತೆರೆದು ಮುದುಕಿ ಹೊರಬಂದಳು. ನಡುವೆ ಎಲ್ಲೂ ನಿಲ್ಲದೆ, ಅತ್ತಿತ್ತ ನೋಡದೆ ಬಂದಳು. ಗುಬ್ಬಿ ಎದ್ದು ಏನೋ ಹೇಳಲು ಹೊರಟಳು. ಮುದುಕಿ ಬೇಡವೆಂದು ತಲೆಯಾಡಿಸಿ, ಎಲ್ಲ ನೋಡಿದೆ ಎಂದು ಬರೀ ತುಟಿ ಆಡಿಸಿದಳು. ಕೈಯಲ್ಲಿ ಮೇಲೊಂದು ತಟ್ಟೆ ಮುಚ್ಚಿದ್ದ ಊಟದ ತಟ್ಟೆ ಇತ್ತು, ಇಬ್ಬರಿಗಾಗುವಷ್ಟು. ಬಿಸಿ ತಾಗದಂತೆ ಹಳೆಯ ಟವೆಲಿನಲ್ಲಿ ಹಿಡಿದಿದ್ದಳು. ಗುಬ್ಬಿಯ ಕೈಗೆ ಕೊಡುವಾಗ ಆ ಟವೆಲನ್ನೂ ಅವಳ ಬೆರಳುಗಳ ಅಡಿಗೆ ಸರಿಸಿ, ತಟ್ಟೆ ನಿಂತಿತೆಂದು ಖಾತ್ರಿಯಾದ ಮೇಲೆ ಕೈಬಿಟ್ಟಳು.