ಸೋದರಮಾವನ ಕಾರು

"ಬ್ರೇಕ್ ತುಳಿದಾಗ ಬರ್ತೈತೋ, ಬಿಟ್ಟಾಗ ಬರ್ತೈತೋ? ಅದನ್ನ ಮೊದ್ಲು ಹೇಳ್ರಿ," ಎಂದ ಮೆಕ್ಯಾನಿಕ್ ಮಂಜಣ್ಣ, ಕಿಟಕಿಯಿಂದ ತಲೆ ಹೊರಗೆ ಹಾಕಿ ಮುಂದಿನ ಎಡಗಡೆ ಚಕ್ರಕ್ಕೆ ಕಿವಿಗೊಡುತ್ತ.

ಪ್ರಭುಲಿಂಗ ಹಿರಿಯೂರಿನ ಹುಳಿಯಾರು ರಸ್ತೆಯಲ್ಲಿ ತನ್ನ ಬಿಳಿ ಕಾರನ್ನು ಎತ್ತಿನಗಾಡಿಯಂತೆ ನಿಧಾನವಾಗಿ ಓಡಿಸುತ್ತಿದ್ದ. ಗಾಲಿ ಸುತ್ತಿದಷ್ಟು ಸಲವೂ ಕೀಚ್, ಕೀಚ್ ಎನ್ನುತ್ತಿತ್ತು. ಅಂಗಡಿ ಮುಂದೆ ಕುಳಿತವರು ಟೀ ಲೋಟ ಹಿಡಿದುಕೊಂಡೇ ತಿರುಗಿ ನೋಡಿದರು.

"ತುಳಿದ್ರೂ ಬರ್ತೈತೆ, ಬಿಟ್ರೂ ಬರ್ತೈತೆ."

"ಹಂಗಾದ್ರೆ ಪ್ಯಾಡ್ ಸವೆದಿರೋದಲ್ಲ ಬಿಡ್ರಿ. ಎಡಕ್ಕೆ ತಿರುಗಿಸ್ರಿ. ಈಗ ಬಲಕ್ಕೆ. ಊಹ್ಞೂಂ, ಬೇರಿಂಗೂ ಅಲ್ಲ. ಬೇರಿಂಗ್ ಹೋದ್ರೆ ಗುಂಯ್ ಅಂತೈತೆ, ಹಿಂಗೆ ಕಿರುಚಲ್ಲ. ಒಳಗೆ ಏನೋ ಸಿಕ್ಕಾಕ್ಕಂಡೈತೆ. ಯಾರ್ ಓಡ್ಸಿದ್ರು?"

"ನಮ್ಮಳಿಯ."

ಹಾಗೆನ್ನುವಾಗ ಪ್ರಭುಲಿಂಗನಿಗೆ ಒಳಗೊಳಗೇ ಹಿಗ್ಗು. ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಎರಡಕ್ಕೂ ಒಂದೇ ಮಾತಿಟ್ಟ ಹಿರಿಯರು ದಡ್ಡರಲ್ಲ ಎಂಬುದು ಅವನ ವಾದ. ಮತ್ತೋಡಿಗೆ ಕೊಟ್ಟ ಅಕ್ಕ ಏಕನಾಥಮ್ಮನ ಮಗ ಯೋಗೇಶ್ ಇವತ್ತಿಗೆ ಮೊದಲನೆಯ ಅಳಿಯ, ನಾಳೆ ಎರಡನೆಯವನೂ ಆಗುತ್ತಾನೆ. ಮಗಳು ಕೀರ್ತನಾ ಲಂಗ ಹಾಕುತ್ತಿದ್ದ ಕಾಲದಲ್ಲೇ ಅಕ್ಕ ತಮ್ಮ ಎಲೆ ಅಡಿಕೆ ಬದಲಾಯಿಸಿಕೊಂಡು ಮಾತು ಮಾಡಿಕೊಂಡಿದ್ದರು. ಹೋದ ವಾರ ಯೋಗೇಶ್ ಬಂದು, "ಮಾವ, ಅಪ್ಪನಿಗೆ ದುರ್ಗದಾಗೆ ಕಣ್ಣಿನ ಆಪರೇಷನ್ನು, ಕಾರು ಬೇಕಾಗಿತ್ತು," ಎಂದಾಗ, ಮನೆಯ ಹುಡುಗ ಕೇಳುವುದು ಹೆಚ್ಚೇ ಎಂದು ಕೊಟ್ಟಿದ್ದ. ಆಸ್ಪತ್ರೆಯಲ್ಲಿ ಜೊತೆಗಿರಲಿ ಎಂದು ಹೆಂಡತಿ ಸುಮಾಳನ್ನೂ ಕಳಿಸಿದ್ದ. ತಾನೂ ಹೋಗುತ್ತಿದ್ದನೇನೋ. ಮಾರಿಕಣಿವೆಯ ನೀರಾವರಿ ಕಚೇರಿಯಲ್ಲಿ ರಜೆ ಸಿಗಲಿಲ್ಲ.

ಮಂಜಣ್ಣ ಗ್ಯಾರೇಜಿನಲ್ಲಿ ಜಾಕು ಕೊಟ್ಟು ಗಾಲಿ ಬಿಚ್ಚಿದ. ಬ್ರೇಕಿನ ತಟ್ಟೆಯ ಹಿಂದೆ ಸ್ಕ್ರೂಡ್ರೈವರ್ ತೂರಿಸಿ ಎಳೆದ. ಹೂವಿನ ಹಾರ ಕಟ್ಟುವ ತೆಳು ತಂತಿ ಉದ್ದಕ್ಕೂ ಬಂತು. ಅದರ ಬೆನ್ನಿಗೆ ಬಿಸಿಗೆ ಕರಗಿ ಮುದುಡಿದ ಬಂಗಾರದ ಬಣ್ಣದ ರಿಬ್ಬನ್ನು, ಒಂದು ಜಜ್ಜಿಹೋದ ಸೇವಂತಿಗೆ.

"ಏನ್ ಸ್ವಾಮಿ ನೀವು!" ಮಂಜಣ್ಣ ನಕ್ಕ. "ಮದುವೆ ಮಾಡಿ ಒಂದು ಹೋಳಿಗೆ ಊಟಕ್ಕೂ ಕರೀಲಿಲ್ಲವಲ್ಲ. ಇದು ಮದುಮಗನ ಕಾರು. ದಿಬ್ಬಣದ ಗಾಡಿಗೆಲ್ಲ ಯಾರೂ ಇಷ್ಟು ಕಟ್ಟಲ್ಲ."

ಪ್ರಭುಲಿಂಗನೂ ನಗಲು ಹೋದ. ನಗು ಬರಲಿಲ್ಲ. ಆಪರೇಷನ್ ಆದ ಭಾವನಿಗೆ ಫೋನ್ ಕೊಡು ಎಂದಾಗಲೆಲ್ಲ ಅಕ್ಕ ಏನಾದರೊಂದು ನೆಪ ಹೇಳಿದ್ದಳು. ಸುಮಾ ಆಸ್ಪತ್ರೆಗೆ ರೇಷ್ಮೆ ಸೀರೆ ಇಟ್ಟುಕೊಂಡಿದ್ದಳು. ಕೇಳಿದ್ದಕ್ಕೆ, ಬರುವಾಗ ದೇವಸ್ಥಾನಕ್ಕೆ ಹೋಗಿ ಬರುತ್ತೀನಿ ಎಂದಿದ್ದಳು. ಎಲ್ಲವೂ ಒಟ್ಟಿಗೆ ತಲೆಗೆ ಬಂತು. ಆ ತಂತಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡ.

ಮನೆಗೆ ಬಂದಾಗ ಸುಮಾ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ದುರ್ಗದ ಲ್ಯಾಬೊಂದರಲ್ಲಿ ಕೆಲಸ ಮಾಡುವ ಕೀರ್ತನಾ ಭಾನುವಾರಕ್ಕೆಂದು ಬಂದವಳು ಪಕ್ಕದಲ್ಲೇ ಕೂತಿದ್ದಳು. ಅವನು ತಂತಿಯನ್ನು ಮೊರದ ಪಕ್ಕ ಎಸೆದ.

"ಯಾರ ಮದುವೆ?"

ಸುಮಾಳ ಕೈ ನಿಂತಿತು. ಉತ್ತರ ಕೊಟ್ಟವಳು ಕೀರ್ತನಾ.

"ಯೋಗೇಶ್ ಬಾವಂದು, ಅಪ್ಪ. ಹೊಸದುರ್ಗದಾಗೆ ಆಯ್ತು. ಹುಡುಗಿ ಹೊಳಲ್ಕೆರೆಯವಳು. ನಾನೇ ಬ್ಯಾಡ ಅಂದಿದ್ದೆ ಅವನ್ನ. ಅವನೂ ನನ್ನ ಬ್ಯಾಡ ಅಂದಿದ್ದ. ನಿಂಗೆ ಎಷ್ಟ್ ಸಲ ಹೇಳಕ್ಕೆ ಬಂದೆ?"

"ಬಂದಿದ್ದೇನೋ ಹೌದು, ಹೇಳಕ್ಕೆಲ್ಲಿ ಬಿಟ್ರಿ?" ಎಂದಳು ಸುಮಾ ತಲೆಯೆತ್ತದೆ. "ಆ ಮನೆಗೆ ಬ್ಯಾರೆ ಹೆಣ್ಣು ಬಂದ್ರೆ ನನ್ನ ಹೆಣ ಬೀಳ್ತೈತೆ ಅಂದ್ರಿ. ಹಬ್ಬದ ದಿನ ತಟ್ಟೆ ಎಸೆದು ಎದ್ದೋದ್ರಿ. ನಿಮ್ಮಕ್ಕ ಹೆದರ್ಕಂಡ್ಲು. ನಾವೂ ಹೆದರ್ಕಂಡ್ವಿ."

ಕೋಪ ಅವನಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಇಂದು ಮಾತ್ರ, ಬೇಕಾದ ಹೊತ್ತಿಗೆ, ಹುಡುಕಿದರೂ ಸಿಗಲಿಲ್ಲ. ಮನೆಯವರೆಲ್ಲ ಸೇರಿ ನಂಬಿಸಿ ಕತ್ತು ಕೊಯ್ದಿದ್ದರು. ತಾಯಿ ಸತ್ತ ಮನೆಯಲ್ಲಿ ತನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ, ಎದುರಿಗೆ ಕೂತ ಹೆಂಡತಿ, ಮಗಳು. ಇವರಲ್ಲಿ ಒಬ್ಬರಾದರೂ ತನ್ನ ಕಡೆಯವರಿರಬಾರದಿತ್ತೇ ಎನಿಸಿ ಅಳು ಒತ್ತರಿಸಿತು. ತನ್ನ ಮಗಳನ್ನು ತಂದುಕೊಳ್ಳದಿದ್ದರೆ ಹೋಗಲಿ. ಆದರೆ ಹುಡುಗನಿಗೆ ಬಾಸಿಂಗ ಕಟ್ಟಿ, ಕೈಹಿಡಿದು ಹಸೆಗೆ ಕರೆತರಬೇಕಾದವನು ಸೋದರಮಾವ. ಆ ಹಕ್ಕನ್ನು ಯಾವ ಜಗಳವೂ ಕಿತ್ತುಕೊಳ್ಳುವಂತಿರಲಿಲ್ಲ.

"ಬಾಸಿಂಗ ಯಾರ್ ಕಟ್ಟಿದ್ರು?" ಎಂದು ಕೇಳಿದ.

ತಾಯಿ ಮಗಳು ಮುಖ ಮುಖ ನೋಡಿಕೊಂಡರು.

"ಹೇಳ್ರೇ."

"ಮುರುಗೇಶಪ್ಪ ದೊಡ್ಡಪ್ಪ," ಎಂದಳು ಕೀರ್ತನಾ.

ಮುರುಗೇಶಪ್ಪ ಅವನ ದೊಡ್ಡಪ್ಪನ ಮಗ, ದಾಯಾದಿ. ಪ್ರಭುಲಿಂಗ ಗೋಡೆಗೊರಗಿ ಮೆಲ್ಲಗೆ ಕುಳಿತ.

"ದಾಯಾದೀನ ನಿಲ್ಸೋದು ಸೋದರಮಾವ ಸತ್ತಿದ್ರೆ ಕಣಮ್ಮ," ಎಂದ. "ನಾನಿನ್ನೂ ಬದುಕಿದೀನಿ."

ಕೀರ್ತನಾ ಎದ್ದು ಬಂದು ಅವನ ಎದುರು ಕುಳಿತಳು.

"ಬಾಡಿಗೆ ಕಾರು ಬೇಕಾದಷ್ಟು ಸಿಗ್ತಿದ್ವು ಅಪ್ಪ. ಅತ್ತೆ ಒಪ್ಪಲಿಲ್ಲ. ನಮ್ಮ ಪ್ರಭು ಬರಾಂಗಿಲ್ಲ, ಅವನ ಕಾರಾದ್ರೂ ಬರ್ಲಿ, ನನ್ನ ಮಗ ಸೋದರಮಾವನ ಕಾರಿಂದ ಇಳ್ದು ಛತ್ರದ ಒಳಗೆ ಹೋಗ್ಲಿ ಅಂದ್ಲು. ಅದಕ್ಕೇ ಸುಳ್ಳು ಹೇಳಿ ತಗಂಡೋಗಿದ್ದು."

"ಕಾರು ಹೋಗ್ಬೋದು, ನಾನು ಮಾತ್ರ ಬ್ಯಾಡ."

ಸುಮಾ ಮತ್ತೆ ಅವರೆಕಾಯಿ ಸುಲಿಯತೊಡಗಿದಳು. ಪ್ರಭುಲಿಂಗ ಮಗಳತ್ತ ಕೈ ಚಾಚಿದ. "ಫೋಟೋ ಇರ್ಬೇಕಲ್ಲ. ತೋರ್ಸು."

ಕೀರ್ತನಾ ಮೊಬೈಲು ಕೊಟ್ಟಳು. ಛತ್ರದ ಬಾಗಿಲಲ್ಲಿ ಅವನ ಕಾರು ಹೂವಿನಲ್ಲಿ ಮುಳುಗಿ ನಿಂತಿತ್ತು. ಯೋಗೇಶ್ ಒಂದು ಕಾಲು ನೆಲಕ್ಕಿಟ್ಟು ಇಳಿಯುತ್ತಿದ್ದ. ಪೇಟ ಸುತ್ತಿದ ಮುರುಗೇಶಪ್ಪ ಅವನ ಕೈ ಹಿಡಿದಿದ್ದ. ಆರತಿ ತಟ್ಟೆ ಹಿಡಿದ ಹೆಂಗಸರು, ವಾಲಗದವರು, ಮಕ್ಕಳು, ಎಲ್ಲರೂ ಮದುಮಗನನ್ನೇ ನೋಡುತ್ತಿದ್ದರು. ಸುಮಾ ರೇಷ್ಮೆ ಸೀರೆಯಲ್ಲಿ ನಗುತ್ತಿದ್ದಳು.

ಅವನು ಎರಡು ಬೆರಳಿಂದ ಚಿತ್ರವನ್ನು ಹಿಗ್ಗಿಸಿ, ಅಂಚಿನಲ್ಲಿದ್ದ ಅಕ್ಕನ ಮುಖದ ಮೇಲೆ ತಂದು ನಿಲ್ಲಿಸಿದ. ಏಕನಾಥಮ್ಮ ಮಗನನ್ನು ನೋಡುತ್ತಿರಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡು, ಕಾರಿನಾಚೆ, ಹಿರಿಯೂರಿನಿಂದ ಬರುವ ರಸ್ತೆಯ ಕಡೆ ನೋಡುತ್ತಿದ್ದಳು.