ಹಡಗಿನ ಕಂಬಕ್ಕೆ ಬಾಯಿ ಬಂತು

ಸುನ್ನಿವಾ ನಾರ್ವೆಯ ಹುಡುಗಿ. ನಮ್ಮ ಗ್ರೀಕ್ ದ್ವೀಪದ ರೆಥಿಮ್ನೊ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಪುರಾತತ್ವ ಓದಲೆಂದು ಬಂದು, ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಸೇರಿದ್ದಳು. ನಮ್ಮ ಬಾಗಿಲುಗಳಲ್ಲೆಲ್ಲ ತಲೆ ತಗ್ಗಿಸಿಯೇ ಓಡಾಡಬೇಕಾದಷ್ಟು ಎತ್ತರ. ಸಂಜೆ ಅಪ್ಪ ಅಂಗಳದಲ್ಲಿ ಲೀರಾ ವಾದ್ಯವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕಮಾನು ಎಳೆಯಲು ಶುರುಮಾಡಿದನೆಂದರೆ ಇವಳು ಪುಸ್ತಕ ಮಡಚಿ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು.

"ನಂಗೂ ಕಲಿಸ್ತೀರಾ?" ಎಂದು ಒಂದು ದಿನ ಕೇಳಿಯೇಬಿಟ್ಟಳು. "ನಾನು ಪಿಟೀಲು ಕಲ್ತಿದ್ದೀನಿ."

ಅಪ್ಪ ಅವಳ ಕೈ ಹಿಡಿದು ಬೆರಳುಗಳನ್ನು ನೋಡಿದ. "ಉಗುರೆಲ್ಲಾ ಕತ್ತರಿಸ್ಕೊಂಡಿದ್ದೀಯಲ್ಲ. ಇಲ್ಲಿ ತಂತೀನ ಉಗುರಲ್ಲಿ ತಳ್ಳಬೇಕು. ಬೆಳೆಸ್ಕೊಂಡು ಬಾ. ಅಲ್ಲೀವರೆಗೂ ಕುಣಿಯೋದು ಕಲಿ."

ಕುಣಿತದ ತರಗತಿ ಚರ್ಚಿನ ಪಕ್ಕದ ಸಭಾಂಗಣದಲ್ಲಿ ನಡೆಯುತ್ತಿತ್ತು. ಅಪ್ಪನದು ಲೀರಾ, ಕಲಿಸುವವನು ಅಪ್ಪನ ಅಣ್ಣ ಸ್ತ್ರಾಟಿಸ್. ದೊಡ್ಡಪ್ಪ ಗಿಡ್ಡ, ಗುಂಡಗೆ. ಕುಣಿಯಲು ನಿಂತರೆ ಮಾತ್ರ ಹತ್ತಿಯಷ್ಟು ಹಗುರ. ನಮ್ಮ ಕುಣಿತದಲ್ಲಿ ಅಕ್ಕಪಕ್ಕದವರ ಹೆಗಲ ಮೇಲೆ ಕೈಯಿಡಬೇಕು. ಸುನ್ನಿವಾಳ ಹೆಗಲು ಹಿಡಿಯಲು ಹೋದ ದೊಡ್ಡಪ್ಪ ಜೋತುಬಿದ್ದವನಂತೆ ಕಂಡ.

"ಇವಳ ಪಕ್ಕ ನಿಂತ್ರೆ ನನ್ನ ಕಾಲೇ ನೆಲಕ್ಕೆ ತಾಗಲ್ವಲ್ಲೋ" ಎಂದು ಅಪ್ಪನಿಗೆ ದೂರು ಕೊಟ್ಟ.

ಕಾರ್ನಿವಲ್ ಔತಣದಲ್ಲಿ ನಿಧಾನದ ಕುಣಿತ ಸಾಗುತ್ತಿತ್ತು. ಆಗಲೇ ಎರಡು ಸಾಲಿನ ಹಾಡು ಕಟ್ಟಿ ಒಬ್ಬರನ್ನೊಬ್ಬರು ಕೆಣಕುವುದು. ಕುಣಿಯುವವರ ಸಾಲಿನ ತಲೆಯಲ್ಲಿದ್ದ ದೊಡ್ಡಪ್ಪ ಸುನ್ನಿವಾಳ ಕಡೆ ತಿರುಗಿ ಹಾಡಿದ:

"ಹಡಗಿನ ಕಂಬ ದಡಕ್ಕೆ ಬಂತು ಕುಣಿಯಲಿಕ್ಕಂತ ನಮ್ಮೂರಿಗೆ,
ಮೇಲಕ್ಕೆ ಹತ್ತಿ ಹೇಳಿ ಯಾರಾದರೂ ಹಾಡು ಏನಂತ ಅದರ ಕಿವಿಗೆ."

ಎಲ್ಲರೂ ನಕ್ಕರು. ಹಾಡಿನ ಹಳ್ಳಿಮಾತು ಅರ್ಥವಾಗದೆ ಅವಳೂ ನಕ್ಕಳು. ಮನೆಗೆ ಬರುವ ದಾರಿಯಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಆರ್ಗೀರೊ, ನಿಜ ಹೇಳು. ಅವರು ನನ್ನ ಬಗ್ಗೆ ಏನಂದ್ರು?"

ಹೇಳಿದೆ. ಅವಳ ಕಿವಿ ಕೆಂಪಾಯಿತು. ಆಮೇಲೆ ತಾನೇ ನಗತೊಡಗಿದಳು.

"ಚೆನ್ನಾಗೇ ಇದೆ. ಇದಕ್ಕೆ ಉತ್ತರ ಕೊಡ್ಬೇಕು ಅಲ್ವಾ?"

"ಕೊಡ್ಲೇಬೇಕು. ಇಲ್ದಿದ್ರೆ ಈ ಊರಲ್ಲಿ ಜನ್ಮಪೂರ್ತಿ ನೀನು ಕಂಬಾನೇ. ನಾನೇ ಒಂದು ಕಟ್ಟಿಕೊಡ್ಲಾ?"

"ಬೇಡ. ಬೈಸ್ಕೊಂಡಿದ್ದು ನಾನು, ಬಾಯೂ ನಂದೇ ಆಗ್ಲಿ."

ಅಂದಿನಿಂದ ಪಾತ್ರೆ ತೊಳೆಯುವಾಗ, ಬಟ್ಟೆ ಒಣಗಿಸುವಾಗ ಅವಳದ್ದು ಅದೇ ಧ್ಯಾನ. ಕಟ್ಟಿದ್ದನ್ನು ಅಪ್ಪನ ಮುಂದೆ ಹಾಡುವಳು. "ಬಸ್ಸಿನ ವೇಳಾಪಟ್ಟಿ ಓದಿದ ಹಾಗಿದೆ" ಎನ್ನುವನು ಅಪ್ಪ. ಮತ್ತೆ ಕಟ್ಟುವಳು. ಅಷ್ಟರಲ್ಲಿ ಉಗುರೂ ಬೆಳೆದು ಲೀರಾ ಪಾಠ ಶುರುವಾಯಿತು. ನಮ್ಮ ಬೆಕ್ಕು ಪಕ್ಕದ ಮನೆಗೆ ಬಿಡಾರ ಬದಲಿಸಿತು.

ಮೇ ತಿಂಗಳಲ್ಲಿ ದೊಡ್ಡಪ್ಪನ ಮೊಮ್ಮಗಳ ನಾಮಕರಣ. ಬೆಟ್ಟದ ಮೇಲಿನ ಹಳ್ಳಿಯಲ್ಲಿ ಚರ್ಚಿನ ಶಾಸ್ತ್ರ ಮುಗಿದು, ಮೇಕೆಯ ಸಾರಿನಲ್ಲಿ ಬೆಂದ ಅನ್ನ ಉಂಡು, ಮಧ್ಯಾಹ್ನವೇ ಕುಣಿತ ಶುರುವಾಯಿತು. ದೊಡ್ಡಪ್ಪ ಮಗುವಿಗೊಂದು, ಅಳಿಯನಿಗೊಂದು ಹಾಡು ಹಾಡಿದ. ಆಮೇಲೆ ಹುಬ್ಬು ಹಾರಿಸಿ, ಹಳೆಯ ಕಂಬದ ಹಾಡನ್ನೇ ಮತ್ತೆ ಎತ್ತಿದ.

ಸಾಲು ಮೆಲ್ಲಗೆ ಸರಿಯುತ್ತಲೇ ಇತ್ತು. ಸುನ್ನಿವಾ ಬಾಯಿ ತೆರೆದಳು, ಸ್ವರ ಹೊರಡಲಿಲ್ಲ. ಅಪ್ಪ ಕಮಾನು ನಿಲ್ಲಿಸದೆ ಅದೇ ಮಟ್ಟನ್ನು ಇನ್ನೊಂದು ಸುತ್ತು ತಂದ, ಅವಳಿಗೆ ಉಸಿರು ಸಿಗಲೆಂದು. ಆಗ ಹಾಡಿದಳು:

"ಕಂಬದ ತುದಿಗೆ ಬೀಸೋ ಗಾಳಿ ಕೆಳಗಿರುವವರಿಗೆ ಸಿಗೋದಿಲ್ಲ,
ಹೆಗಲಿನ ಮೇಲೆ ಕೂರು ಬಾ ಮಾವ, ಸಮುದ್ರ ನೀನಿನ್ನೂ ನೋಡೇ ಇಲ್ಲ."

ಅಂಗಳಕ್ಕೆ ಅಂಗಳವೇ ನಗುವಿನಲ್ಲಿ ಬಿದ್ದುಹೋಯಿತು. ದೊಡ್ಡಪ್ಪನ ಹೆಂಡತಿ ಮೇಜು ಗುದ್ದಿ ಗುದ್ದಿ ನಕ್ಕಳು. ದೊಡ್ಡಪ್ಪ ಮಾತ್ರ ನನ್ನತ್ತ ಬೆರಳು ತೋರಿಸಿದ.

"ಇದು ನಿಂದೇ ತಾನೇ, ಆರ್ಗೀರೊ?"

"ಮಗುವಿನಾಣೆಗೂ ನಂದಲ್ಲ, ದೊಡ್ಡಪ್ಪ."

"ಹಂಗಾದ್ರೆ ಇನ್ನೊಂದು ಹೇಳ್ಲಿ. ಈಗ್ಲೇ, ನಿಂತ ನಿಲುವಲ್ಲೇ."

ಇದಕ್ಕೆ ಅವಳು ಸಿದ್ಧಳಿರಲಿಲ್ಲ. ಆದರೂ ಬಿಡಲಿಲ್ಲ, ಒಂದೊಂದೇ ಪದ ಹುಡುಕುತ್ತ ಹಾಡಿದಳು:

"ಹಿಮದ ಊರಿಗೆ ಮರಳಿ ಹೋದರೂ ದಾರಿ ಇದನ್ನೇ ಹಿಡಿಯುವೆ ನಾನು,
ಅಂಗಳದಲ್ಲೇ ಬಿಟ್ಟು ಹೋಗುವೆ ನನ್ನ ಅಕ್ರೋಟು, ಕಾಯುವೆಯೇನು?"

ನಮ್ಮ ಗ್ರೀಕ್ ಭಾಷೆಯಲ್ಲಿ ಹೃದಯಕ್ಕೆ ಕರ್ದಿಯಾ, ಅಕ್ರೋಟಿಗೆ ಕರೀದಿಯಾ. ಗಾಬರಿಯಲ್ಲಿ ನಾಲಿಗೆ ತುಸು ಹೆಚ್ಚು ಹೊರಳಿತ್ತು. ನಕ್ಕ ರಭಸಕ್ಕೆ ಪಾದ್ರಿಗಳ ಲೋಟದಿಂದ ವೈನ್ ಚೆಲ್ಲಿತು. ತಪ್ಪು ಹೊಳೆದು ಸುನ್ನಿವಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸಾಲು ನಡುವೆ ಕಡಿಯಿತು.

ದೊಡ್ಡಪ್ಪ ನಗಲಿಲ್ಲ. ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ.

"ನಗ್ಬೇಡ್ರೋ. ಹುಡುಗಿ ನನ್ನ ನಂಬಿ ಬಿಟ್ಟು ಹೋಗ್ತಿದ್ದಾಳೆ. ನಾನು ಕಾಯ್ತೀನಿ, ಒಂದು ಇಲೀನೂ ಮುಟ್ಟದ ಹಾಗೆ ಕಾಯ್ತೀನಿ."

ಆಮೇಲೆ ಯಾರೂ ಎಣಿಸದ ಕೆಲಸ ಮಾಡಿದ. ನನಗೆ ಬುದ್ಧಿ ಬಂದಾಗಿನಿಂದ ಸಾಲಿನ ತಲೆಯನ್ನು ಯಾರಿಗೂ ಬಿಟ್ಟುಕೊಡದವನು ಅವಳನ್ನು ಕೈಹಿಡಿದು ಕರೆತಂದು ಅಲ್ಲಿ ನಿಲ್ಲಿಸಿ, ತಾನು ಎರಡನೆಯವನಾಗಿ ನಿಂತ. ಅಪ್ಪ ಅದಕ್ಕೇ ಕಾದಿದ್ದವನಂತೆ ಮಟ್ಟು ಬದಲಿಸಿ ಬಿರುಸಿನ ಪೆಂಟೊಝಾಲಿ ಕುಣಿತಕ್ಕೆ ಹಾರಿದ. ಸುನ್ನಿವಾ ಒಮ್ಮೆ ಎಡವಿದಳು. ದೊಡ್ಡಪ್ಪ ಅದನ್ನೇ ಹೆಜ್ಜೆ ಮಾಡಿಕೊಂಡು ತಾನೂ ಎಡವಿದ, ಸಾಲೆಲ್ಲ ಎಡವಿತು; ಧೂಳೆದ್ದಿತು.

ದಣಿದು ಕೂತಾಗ ದೊಡ್ಡಪ್ಪ ಮೇಕೆ ಮಾಂಸದ ಒಳ್ಳೆಯ ತುಂಡುಗಳನ್ನೇ ಆರಿಸಿ ಅವಳ ತಟ್ಟೆಗೆ ಹಾಕುತ್ತ ಕೇಳಿದ, "ನಿಮ್ಮೂರಲ್ಲಿ ಹಿಂಗೆ ಹಾಡಿಗೆ ಹಾಡು ಕೊಡೋರು ಇದ್ದಾರಾ?"

"ಇಲ್ಲ ಮಾವ. ನಮ್ಮಲ್ಲಿ ಬಸ್ಸಲ್ಲಿ ಪಕ್ಕದವರ ಹತ್ರ ಮಾತೂ ಆಡಲ್ಲ."

"ಪಾಪ" ಎಂದ ದೊಡ್ಡಪ್ಪ, ನಿಜಕ್ಕೂ ನೊಂದುಕೊಂಡು. "ಇನ್ನೂ ಸ್ವಲ್ಪ ತಿನ್ನು."

ಜುಲೈಯಲ್ಲಿ ಊರಿಗೆ ಹೊರಡಬೇಕಿದ್ದ ಸುನ್ನಿವಾ ದ್ರಾಕ್ಷಿ ಕೊಯ್ಲು ಮುಗಿಯುವವರೆಗೆ ನಮ್ಮಲ್ಲೇ ಉಳಿದಳು.