ಲೇಪ ಹಚ್ಚಿದ ಹಲ್ಲು

ಕಟ್ಟುಹಲ್ಲು ಮಾಡುವ ದಂತತಂತ್ರಜ್ಞೆ ಪ್ರಯೋಗಾಲಯದಲ್ಲಿ ಬೂಷ್ಟು ಬೆಳೆಸಿ ನೋಡುವ ಬೆಚ್ಚನೆಯ ಪೆಟ್ಟಿಗೆ ತೆರೆದಳು. ಬೂಷ್ಟು ತಡೆಯುವ ಲೇಪ ಹಚ್ಚಿದ ಎರಡು ಕಟ್ಟುಹಲ್ಲಿನ ತುಂಡುಗಳಲ್ಲಿ ಒಂದು ಸ್ವಚ್ಛವಾಗಿತ್ತು. ಬ್ರಷ್ಷಿನಿಂದ ಉಜ್ಜಿದ ಇನ್ನೊಂದರ ಗೀರುಗಳಲ್ಲಿ ಬಿಳಿ ಬೂಷ್ಟು ಹಬ್ಬಿತ್ತು. ಈ ಪರೀಕ್ಷೆಗೆ ಕಾಯದೆ ಅವಳು ಅದೇ ಲೇಪವನ್ನು ಅಮ್ಮನ ಹಲ್ಲಿನ ಸೆಟ್ಟಿಗೂ ಹಚ್ಚಿ ಕೊಟ್ಟಿದ್ದಳು. ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ ಅಮ್ಮನಿಗೆ ಬಾಯಿಯ ಸೋಂಕು ಪ್ರಾಣಕ್ಕೇ ಎರವಾಗಬಹುದಿತ್ತು.

ಕೂಡಲೇ ಫೋನ್ ಮಾಡಿದಳು. "ಅಮ್ಮಾ, ಹಲ್ಲು ಹೇಗೆ ತೊಳೀತಿದ್ದೀಯಾ?"

"ಪಾತ್ರೆ ಬ್ರಷ್ಷಲ್ಲಿ ತಿಕ್ಕಿ ತಿಕ್ಕಿ ಲಕಲಕ ಅನ್ನಿಸಿದ್ದೀನಿ. ನೀನು ಮಾಡಿಕೊಟ್ಟಿದ್ದಲ್ವಾ!"

"ಈಗಲೇ ತೆಗೆದಿಡು."

"ಬೀಗಿತ್ತಿ ಬರ್ತಿದ್ದಾರೆ, ಬೊಚ್ಚುಬಾಯಲ್ಲಿ ಕೂರ್ಲಾ?"

"ತಪ್ಪು ನನ್ನದಮ್ಮಾ. ಪರೀಕ್ಷೆ ಮುಗಿಯೋ ಮುಂಚೆನೇ ಕೊಟ್ಟುಬಿಟ್ಟೆ. ಬಾಯಲ್ಲಿ ಉರಿ ಇದೆಯಾ?"

ಆ ಕಡೆ ಹಲ್ಲಿನ ಸೆಟ್ಟು ಬಟ್ಟಲಿಗೆ ಬಿದ್ದ ಸದ್ದಾಯಿತು. ಆಮೇಲೆ ಹಲ್ಲಿಲ್ಲದ ದನಿ ತೊದಲಿತು: "ಮೂರು ದಿನದಿಂದ ಇದೆ ಕಣೇ. ನೀನು ನೊಂದ್ಕೋತೀಯ ಅಂತ ಹೇಳ್ಲಿಲ್ಲ."